ನಡು ತಗ್ಗಿದ ಗಾಜು

ದೊಡ್ಡಪ್ಪನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮೇಘನ ಪಿನ್ನಿನ ತುದಿಯಿಂದ ಅವನ ಉಗುರಿನ ಸಂದಿಯ ಕೆಂಪನ್ನು ತೆಗೆಯುತ್ತಿದ್ದಳು. ಬೆರಳುಗಳು ಸೆಟೆದುಕೊಂಡಿದ್ದವು. ಹೆಬ್ಬೆರಳಾಯಿತು, ತೋರುಬೆರಳಾಯಿತು. ಕೆರೆದ ಕೆಂಪನ್ನು ಒದ್ದೆ ಬಟ್ಟೆಗೆ ಒರೆಸುವುದು, ಪಿನ್ನನ್ನು ಮತ್ತೆ ಒಳಕ್ಕೆ ತೂರಿಸುವುದು. ನಡುಮನೆಯ ತುಂಬ ಹೆಂಗಸರಿದ್ದರು. ಇದ್ದವರು ಒಂದು ಸುತ್ತು ಅತ್ತು ದಣಿದಿದ್ದರು, ಇನ್ನೊಂದು ಸುತ್ತು ಅಳಬೇಕಾದವರು ಇನ್ನೂ ಬಸ್ಸಿನಲ್ಲಿದ್ದರು.

ಆ ಕೆಂಪು ಕುಂಕುಮದ್ದಲ್ಲ, ಎಲೆಯಡಿಕೆಯದ್ದೂ ಅಲ್ಲ. ಚಿನ್ನಕ್ಕೆ ಮೆರುಗು ಕೊಡುವ ಪುಡಿಯದ್ದು. ಪಾಂಡವಪುರದ ಅಕ್ಕಸಾಲಿಗರ ಬೀದಿಯ ಆ ಮನೆಯಲ್ಲಿ ಆ ಪುಡಿ ತಲೆಮಾರುಗಳಿಂದ ಇತ್ತು. ಈಚೆಗೆ ಅದು ಚಿನ್ನ ಮುಟ್ಟುವುದನ್ನು ಬಿಟ್ಟು ಗಾಜು ಮುಟ್ಟುತ್ತಿತ್ತು, ಅಷ್ಟೇ. ಸುಬ್ರಹ್ಮಣ್ಯಾಚಾರಿ ತನ್ನ ಕೈಯಾರೆ ಟೆಲಿಸ್ಕೋಪು ಮಾಡುತ್ತಿದ್ದಾನೆ ಎಂದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ದಿನ ಮಧ್ಯಾಹ್ನ, ಕೆಂಪು ನೀರು ಚಿಮುಕಿಸಿದ ಗಾಜಿನ ಮೇಲೆಯೇ ಅವನು ಎದೆ ಹಿಡಿದುಕೊಂಡು ಬಗ್ಗಿದ್ದ.

ಮೇಘನಳ ಹತ್ತು ಉಗುರಿನಲ್ಲೂ ಅದೇ ಕೆಂಪಿತ್ತು. ಅದನ್ನು ತೆಗೆದುಕೋ ಎಂದು ಯಾರೂ ಹೇಳಿರಲಿಲ್ಲ.

ಬಾಗಿಲಲ್ಲಿ ಗಲಾಟೆಯಾಯಿತು. ಸಿಂಧಘಟ್ಟದಿಂದ ದೊಡ್ಡಪ್ಪನ ಅಕ್ಕ ನಿಂಗಮ್ಮ ಬಂದಳು. ಚಪ್ಪಲಿ ಬಿಟ್ಟವಳೇ ತಮ್ಮನ ತಲೆಯ ಹತ್ತಿರ ಕುಸಿದಳು.

“ನಂಗ್ ಮಣ್ಣಾಕ್ಬೇಕಾದೋನು ನೀನು ಕಣಪ್ಪೋ! ನಿನ್ ಮುಂದ್ಕೆ ನನ್ನ ಕಳುಸ್ದೆ ನೀನೇ ಒಂಟೋದ್ಯಲ್ಲೋ ನನ್ ತಮ್ಮಯ್ಯಾ!”

ಅತ್ತಳು, ಎದೆ ಬಡಿದುಕೊಂಡಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕಣ್ಣು ಕಿರಿದು ಮಾಡಿ ಮೇಘನಳ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು.

“ಏನವ್ವ ಅದು, ರಕ್ತವಾ?”

“ರಕ್ತ ಅಲ್ಲ ಕಣತ್ಗೆ,” ಗೋಡೆಗೆ ಒರಗಿ ಕೂತಿದ್ದ ರಾಧಾಮಣಿ ಹೇಳಿದಳು. ಗಂಡ ಸತ್ತಾಗಿನಿಂದ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. “ಗಾಜಿಂದು.”

“ಸಾಯೋ ದಿನ್ವೂ ಬುಡ್ನಿಲ್ವಾ ಅದ?”

“ಬುಡ್ತಾರಾ? ಅದ್ರ ಮೇಲೇ ಬಿದ್ದಿದ್ರು. ಅವ್ರ ಎದೆ ಕೆಳಗಿಂದ ಗಾಜು ಎಳ್ದು ಆಮೇಲೆ ಅವ್ರನ್ನ ಎತ್ತಿದ್ದು ನಾವು.”

ಗಾಜನ್ನು ಎಳೆದವಳು ಮೇಘನ. ಮೊದಲು ಗಾಜು, ಆಮೇಲೆ ದೊಡ್ಡಪ್ಪ. ದೊಡ್ಡವ್ವ ಅದನ್ನು ನೋಡಿದ್ದಳು. ಈಗ ‘ನಾವು’ ಅಂದಿದ್ದು ಕಾಪಾಡುವುದಕ್ಕೋ ಚುಚ್ಚುವುದಕ್ಕೋ ಮೇಘನಳಿಗೆ ತಿಳಿಯಲಿಲ್ಲ. ಅವಳು ಕಿರುಬೆರಳಿನ ಉಗುರಿಗೆ ಪಿನ್ನು ಹಾಕಿದಳು.

ಹಿತ್ತಿಲಲ್ಲಿ ಗಂಡಸರು ಹೆಣದ ಸ್ನಾನಕ್ಕೆ ಅಣಿಮಾಡುತ್ತಿದ್ದರು. ಅಲ್ಲಿ ಗಟ್ಟಿ ನೆಲವಿದ್ದ ಜಾಗ ಒಂದೇ, ಗಾಜು ಉಜ್ಜುತ್ತಿದ್ದ ಡ್ರಮ್ಮು ಇದ್ದ ಜಾಗ. ಡ್ರಮ್ಮನ್ನು ಉರುಳಿಸಿ ಬೇಲಿಗೆ ಒರಗಿಸಿದ ಮೇಲೆ ನೆಲದಲ್ಲಿ ಅದರ ಗುರುತು ಉಳಿದಿತ್ತು, ಗುರುತಿನ ಸುತ್ತ ಸವೆದ ಕಾಲುದಾರಿ. ಎತ್ತು ಸುತ್ತಿದ ಗಾಣದ ದಾರಿಯಂತೆ ದುಂಡಗೆ, ಹುಲ್ಲು ಹುಟ್ಟದಷ್ಟು ಗಟ್ಟಿ.

ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಧರ್ಮೇಂದ್ರ ತಾಲ್ಲೂಕಿನ ಖಗೋಳ ಬಳಗದ ನಾಲ್ಕು ಜನರೊಂದಿಗೆ ಹೂವಿನ ಹಾರ ಹಿಡಿದು ಬಂದರು. ಹಾರ ಹಾಕಿ, ಕೈಮುಗಿದು, ಹಿತ್ತಿಲಿಗೆ ಬಂದವರು ಆ ದಾರಿಯನ್ನು ನೋಡಿ ನಿಂತುಬಿಟ್ಟರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಅಡುಗೆಮನೆ ಬಾಗಿಲಲ್ಲಿ ಬಿಸಿನೀರಿನ ಕೊಡ ಹಿಡಿದು ನಿಂತಿದ್ದ ಮೇಘನಳಿಗೆ ಎಲ್ಲ ಕಾಣುತ್ತಿತ್ತು.

“ಇದನ್ನ ವಿಡಿಯೋ ಮಾಡ್ಕೊಳ್ರಪ್ಪ,” ಧರ್ಮೇಂದ್ರ ಜೊತೆಯವರಿಗೆ ಹೇಳಿದರು. “ಕನ್ನಡಿ ಉಜ್ಜೋಕೆ ಡ್ರಮ್ಮಿನ ಸುತ್ತ ಸುತ್ತಬೇಕು. ಒಂದು ಉಜ್ಜು, ಒಂದು ಹೆಜ್ಜೆ. ಈ ಮನುಷ್ಯ ಎರಡು ವರ್ಷ ಸುತ್ತಿ ಸುತ್ತಿ ನೆಲದಲ್ಲಿ ಹಳ್ಳ ಬಿದ್ದಿದೆ ನೋಡಿ. ಒಬ್ಬರೇ. ಯಾರೊಬ್ಬರ ಸಹಾಯ ಇಲ್ಲದೆ.”

ಬಾಳೆದಿಂಡು ಕತ್ತರಿಸುತ್ತಿದ್ದ ಪಕ್ಕದ ಮನೆಯ ಚಿಕ್ಕಸ್ವಾಮಿ ತಲೆಯೆತ್ತಿದ.

“ಆಚಾರಿ ಸುತ್ತುದ್ನಾ? ಕಕ್ಕಸ್ಸಿಂದ ಎದ್ದೇಳಕ್ಕೇ ಒಬ್ರು ಕೈ ಕೊಡ್ಬೇಕಿತ್ತು ಅವ್ನಿಗೆ. ಎರಡು ಮಂಡೀನೂ ಓಗಿದ್ವು.”

“ಸುಮ್ಕಿರ್ಲಾ,” ಯಾರೋ ಗದರಿದರು. “ಎಣ ಇಟ್ಕಂಡು ತಮಾಸೆ ಮಾಡ್ತಾನೆ.”

“ತಮಾಸೆ ಎಲ್ ಬಂತು, ಇದ್ದುದ್ ಇದ್ದಂಗ್ ಏಳ್ದೆ ಕಣ್ಲಾ.”

ಆದರೂ ಒಂದಿಬ್ಬರು ಮುಸಿಮುಸಿ ನಕ್ಕರು. ನಿಜ ಅಲ್ಲಿಗೆ ಮುಗಿಯಿತು. ಧರ್ಮೇಂದ್ರ ಚಪ್ಪಲಿ ಕಳಚಿ, ಆ ದಾರಿಯ ಮಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮೇಘನ ಕೊಡವನ್ನು ಹೊಸ್ತಿಲ ಮೇಲೆ ಕುಕ್ಕಿದಳು. ನೀರು ತುಳುಕಿ ಅವಳ ಪಾದ ಸುಟ್ಟಿತು. ಸುಡಲಿ ಎಂದುಕೊಂಡಳು. ಸುತ್ತಿದ ಪಾದ ಅದೇ.

*

ಅವಳು ಆ ಮನೆಗೆ ಬಂದಿದ್ದು ಒಂದು ತಿಂಗಳ ಮಟ್ಟಿಗೆ. ದೊಡ್ಡವ್ವನಿಗೆ ಆಪರೇಷನ್ ಆಗಿತ್ತು, ಒಲೆ ಮುಂದೆ ನಿಲ್ಲಲು ಒಂದು ಹೆಣ್ಣು ಬೇಕಿತ್ತು. ಅಪ್ಪ ತೀರಿಕೊಂಡಮೇಲೆ ಮೇಘನ ಮತ್ತು ಅವಳವ್ವ ಹೊಣಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದರು. ಒಂಬತ್ತನೇ ತರಗತಿಯ ನಡುವೆ ಬಸ್ಸು ಹತ್ತಿಸಿದರು. ತಿಂಗಳು ಮುಗಿದರೂ ಯಾರೂ ಕರೆಯಲು ಬರಲಿಲ್ಲ. ಆಮೇಲೊಮ್ಮೆ ಹೊಣಕೆರೆಗೆ ಹೋದಾಗ ಅವಳ ಸ್ಕೂಲು ಬ್ಯಾಗಿನಲ್ಲಿ ಅತ್ತೆ ಈರುಳ್ಳಿ ತುಂಬಿಟ್ಟಿದ್ದಳು.

ಹೊರಗಿನವರ ಎದುರು ಮೇಘನಳಿಗೆ ಮಾತು ಹೊರಡುತ್ತಿರಲಿಲ್ಲ. ಗಂಟಲವರೆಗೆ ಬಂದಿದ್ದು ಅಲ್ಲೇ ಕೂರುತ್ತಿತ್ತು. ಮಾತಾಡದವರು ಇರುವುದು ಮನೆಯವರಿಗೂ ಅನುಕೂಲವಾಯಿತು.

ದೊಡ್ಡಪ್ಪ ಮೈಸೂರಿನ ಗಾಜಿನಂಗಡಿಯಿಂದ ಎರಡು ದಪ್ಪ ಬಿಲ್ಲೆಗಳನ್ನು ಕತ್ತರಿಸಿ ತಂದಾಗ ಅವಳಿಗೆ ಅದೇನೆಂದೇ ತಿಳಿಯಲಿಲ್ಲ. ಊಟದ ತಟ್ಟೆಯಷ್ಟೂ ಇರಲಿಲ್ಲ. ಹಿಂದೊಮ್ಮೆ ಸ್ಕೂಲು ಮೈದಾನದಲ್ಲಿ ಯಾರೋ ತಂದಿಟ್ಟ ಟೆಲಿಸ್ಕೋಪಿನಲ್ಲಿ ಅವನು ಶನಿಯನ್ನೂ ಅದರ ಸುತ್ತಿನ ಬಳೆಯನ್ನೂ ನೋಡಿ ಬಂದಿದ್ದ. ಆ ಬಳೆಯ ಕೆಲಸ ಯಾವ ಅಕ್ಕಸಾಲಿಗೂ ಬರುವಂಥದ್ದಲ್ಲ ಎಂದು ವಾರಗಟ್ಟಲೆ ಹೇಳಿದ್ದ. ಆಮೇಲೆ ಹಿತ್ತಿಲಿಗೆ ಡ್ರಮ್ಮು ಬಂತು.

ಒಂದು ಬಿಲ್ಲೆ ಡ್ರಮ್ಮಿನ ಮೇಲೆ ಅಲುಗಾಡದಂತೆ ಕೂರಬೇಕು. ಇನ್ನೊಂದನ್ನು ಅದರ ಮೇಲಿಟ್ಟು, ನಡುವೆ ಸಾಣೆ ಪುಡಿ ನೀರು ಹಾಕಿ, ಹಿಂದೆ ಮುಂದೆ ಉಜ್ಜಬೇಕು. ಉಜ್ಜುತ್ತ ಡ್ರಮ್ಮಿನ ಸುತ್ತ ನಡೆಯಬೇಕು. ಹಾಗೆ ಉಜ್ಜಿದಂತೆಲ್ಲ ಮೇಲಿನ ಗಾಜಿನ ನಡು ತಗ್ಗುತ್ತದೆ, ಕೆಳಗಿನದರ ನಡು ಉಬ್ಬುತ್ತದೆ. ತಗ್ಗಿದ್ದು ಕನ್ನಡಿ. ಕೊಳವೆಯ ತಳದಲ್ಲಿ ಕೂತು ಆಕಾಶದ ಬೆಳಕನ್ನು ಒಂದು ಕಡೆ ಕೂಡಿಸುವುದು ಅದೇ. ಉಬ್ಬಿದ್ದು ಬರೀ ಅಡಿಗಾಜು, ಕೆಲಸ ಮುಗಿದ ಮೇಲೆ ಯಾತಕ್ಕೂ ಬಾರದ್ದು.

ದೊಡ್ಡಪ್ಪ ಮೂರು ಸುತ್ತು ಸುತ್ತಿ ಮಂಡಿ ಹಿಡಿದುಕೊಂಡ. ಸ್ಟೂಲಿನ ಮೇಲೆ ಕೂತು ಉಜ್ಜಿದ. ಒಂದೇ ಮಗ್ಗುಲಿಗೆ ಸವೆಯಿತು.

“ನಮ್ಮೋರು ಕೂತ್ಕಂಡೇ ಬದುಕ್ದೋರು ಕಣವ್ವ,” ಅಂದ. “ಉಟ್ಟುದಾಗ್ಲಿಂದ ಕುಲುಮೆ ಮುಂದೆ ಕಾಲು ಮಡಿಚ್ಕಂಡೇ ಇದ್ದು. ನಿಂತ್ಕಂಡ್ ಮಾಡೋ ಕೆಲ್ಸ ಈ ಮಂಡಿ ಕಲೀನೇ ಇಲ್ಲ. ಒಂದೆರಡು ಸುತ್ತು ನೀನ್ ಸುತ್ತು ನೋಡುವ.”

ಅವಳು ಸುತ್ತಿದಳು. ಒಂದೆರಡು ಸುತ್ತು ಎರಡು ವರ್ಷವಾಯಿತು.

ಮೊದಮೊದಲು ಹಲ್ಲು ಜುಂ ಎನ್ನುವ ಕರಕರ. ಪುಡಿ ನುಣ್ಣಗಾದಂತೆ ಸದ್ದೂ ನುಣ್ಣಗಾಗುತ್ತ ಬಂತು, ರೇಷ್ಮೆ ಸೀರೆ ಸರಿದಂತೆ. ಒರಟು ಪುಡಿಯ ಒಂದೇ ಒಂದು ಕಣ ನುಣುಪು ಪುಡಿಯೊಳಗೆ ಸೇರಿದರೂ ಗಾಜಿಗೆ ಗೀರು ಬೀಳುತ್ತಿತ್ತು. ಅದಕ್ಕೇ ಪುಡಿ ಬದಲಾಯಿಸುವ ದಿನ ಅವಳು ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಉಗುರು ಕತ್ತರಿಸಿಕೊಂಡು ಡ್ರಮ್ಮಿನ ಹತ್ತಿರ ಹೋಗುತ್ತಿದ್ದಳು. ಆ ದಿನ ಹಿತ್ತಿಲಲ್ಲಿ ರಾಗಿ ಕೇರುವಂತಿಲ್ಲ, ಕಸ ಗುಡಿಸುವಂತಿಲ್ಲ.

“ದೇವ್ರ ಪೂಜೆಗಿಲ್ದ ಮಡಿ ಗಾಜಿಗೆ,” ಅನ್ನುತ್ತಿದ್ದಳು ರಾಧಾಮಣಿ.

ಮೆರುಗಿಗೆ ಬೇಕಾದ ರಾಳ ಕಾಯಿಸುವುದು ಮಾತ್ರ ದೊಡ್ಡಪ್ಪನದೇ ಕೆಲಸ. ಬೇರೆ ಕಲ್ಲೊಂದರ ಮೇಲೆ ರಾಳ ಹುಯ್ದು, ಹೆಬ್ಬೆರಳಿನ ಉಗುರಿನಿಂದ ಒತ್ತಿ ಹದ ನೋಡುತ್ತಿದ್ದ. ಆ ಹದ ಮೇಘನಳಿಗೆ ಕೊನೆಗೂ ಬರಲಿಲ್ಲ. ಆದರೆ ಕನ್ನಡಿಯ ತಪ್ಪು ಹುಡುಕುವ ಕಣ್ಣು ಅವಳದ್ದು. ಮಧ್ಯಾಹ್ನ ಕೋಣೆಯ ಬಾಗಿಲು ಮುಚ್ಚಿ, ಸೂಜಿಮೊನೆಯಷ್ಟು ತೂತಿನಿಂದ ಕನ್ನಡಿಗೆ ಬೆಳಕು ಬಿಟ್ಟು, ಹಿಂದಿರುಗಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕತ್ತರಿಸುವುದು. ಆಗ ಗಾಜಿನ ಮೇಲೆ ಬೂದುಬಣ್ಣದ ನೆರಳು ಸರಿಯುತ್ತದೆ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಆ ನೆರಳೇ ಹೇಳುತ್ತದೆ. ಪೊರೆ ಬಂದಿದ್ದ ದೊಡ್ಡಪ್ಪನ ಕಣ್ಣಿಗೆ ಬೂದು ಕಾಣುತ್ತಿರಲಿಲ್ಲ.

“ಏನ್ ಕಂಡ್ತವ್ವ?”

“ನಡುವೆ ಸರಿಯಾಗ್ಯದೆ. ಅಂಚು ಕೆಳಕ್ಕೆ ಜಾರ್ಯದೆ.”

“ಎಷ್ಟು?”

“ಒಸಿ.”

ಅವಳು ಒಸಿ ಅಂದರೆ ಒಸಿ ಉಜ್ಜುವುದು. ಅವಳು ಸಾಕು ಅಂದರೆ ಸಾಕು. ಪ್ರಪಂಚದಲ್ಲಿ ಅವಳ ಮಾತಿಗೆ ಬೆಲೆಯಿದ್ದ ಜಾಗ ಆ ಕತ್ತಲೆ ಕೋಣೆ ಒಂದೇ.

*

ಸ್ನಾನ ಮುಗಿಸಿ ಹೆಣವನ್ನು ಮುಂಬಾಗಿಲಿಗೆ ತಂದು ಕೂರಿಸಿದರು. ಅವರ ಕಡೆ ಹೂಳುವುದು ಪದ್ಧತಿ, ಸುಡುವುದಿಲ್ಲ. ಸತ್ತವನು ಜೀವ ಇಟ್ಟುಕೊಂಡಿದ್ದ ವಸ್ತು ಒಂದನ್ನು ಗುಂಡಿಯೊಳಗೆ ಜೊತೆಗಿಡುವುದೂ ಪದ್ಧತಿ. ದೊಡ್ಡಪ್ಪನ ಅಪ್ಪನ ಜೊತೆ ಊದುಗೊಳವೆ ಹೋಗಿತ್ತು.

ಮಗ ಹೇಮಂತ್ ಕುಲುಮೆಯ ಹತ್ತಿರ ಹೋಗಿ ಚಿಕ್ಕದೊಂದು ಇಕ್ಕಳ ತಂದ. ಅವನು ಮಂಡ್ಯದ ಒಡವೆ ಶೋರೂಮಿನಲ್ಲಿ ಸೇಲ್ಸಿನವನು. ಟೈ ಕಟ್ಟಿಕೊಂಡು ಮಿಷನ್ನಿನಲ್ಲಿ ಮಾಡಿದ ಸರ ಮಾರುತ್ತಿದ್ದ. ಇಕ್ಕಳವನ್ನು ಹೇಗೆ ಹಿಡಿಯಬೇಕೆಂಬುದು ಅವನಿಗೆ ಮರೆತಂತಿತ್ತು.

“ಇದು ಸಾಕಲ್ವಾತ್ತೆ?” ನಿಂಗಮ್ಮನನ್ನು ಕೇಳಿದ.

“ಇಕ್ಳ ಬ್ಯಾಡ,” ರಾಧಾಮಣಿ ಕೂತಲ್ಲಿಂದಲೇ ಅಂದಳು. “ಆ ಗಾಜು ಆಕಿ.”

ಎಲ್ಲರೂ ತಿರುಗಿ ನೋಡಿದರು.

“ಯಾಕಂಗ್ ನೋಡೀರಿ? ಜೀವ ಮಡಗಿದ್ದು ಯಾತರ ಮ್ಯಾಲೆ, ಇಕ್ಳದ್ ಮ್ಯಾಲಾ? ನನ್ ಮೂಗುಬೊಟ್ಟು ಮುರ್ದು ಎರಡು ವರ್ಸಾಯ್ತು. ಬೆಸುಗೆ ಆಕ್ಕೊಡಿ, ಬೆಸುಗೆ ಆಕ್ಕೊಡಿ ಅಂತ ಗೋಗರ್ದೆ. ಅಕ್ಕಸಾಲಿ ಎಂಡ್ತಿ ಬೋಳು ಮೂಗಲ್ಲಿ ಮದ್ವೆ ಮನೆಗೋಗ್ಬೇಕಾಯ್ತು. ನಾಳೆ ನಾಳೆ ಅನ್ಕಂಡು ಗಾಜು ತಿಕ್ದ್ರು. ಅದು ನನ್ ಮನೇಲಿರ್ಬಾರ್ದು. ಅವ್ರ ಜೊತೇಲೇ ಓಗ್ಲಿ.”

ಅವಳ ಸಿಟ್ಟು ಬೀದಿಗೆ ಬೀಳುವ ಮೊದಲೇ ಧರ್ಮೇಂದ್ರ ಅದನ್ನು ಎತ್ತಿಕೊಂಡರು.

“ತಾಯಿ, ಎಂಥ ಮಾತು ಹೇಳಿದ್ರಿ! ಆಕಾಶಕ್ಕಾಗಿ ಬದುಕಿದ ಮನುಷ್ಯ, ಎದೆ ಮೇಲೆ ತಾನೇ ಮಾಡಿದ ಕನ್ನಡಿ ಇಟ್ಟುಕೊಂಡು, ಆಕಾಶಕ್ಕೆ ಮುಖ ಮಾಡಿ ಮಲಗ್ತಾರೆ. ಇದಕ್ಕಿಂತ ದೊಡ್ಡ ಗೌರವ ಇಲ್ಲ. ಮುಗಿದಿದ್ದಿದ್ರೆ ಬಳಗಕ್ಕೆ ಕೇಳ್ತಿದ್ದೆ. ಅರ್ಧಕ್ಕೆ ನಿಂತಿರೋದು, ಇನ್ನು ಯಾರು ಮುಗಿಸೋರಿದ್ದಾರೆ?”

ಹೌದು ಹೌದು ಎಂದರು ಜನ. ಒಬ್ಬಿಬ್ಬರ ಕಣ್ಣಲ್ಲಿ ನೀರೂ ಬಂತು.

ಮೇಘನ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಯಾರು ಮುಗಿಸೋರಿದ್ದಾರೆ? ಅಂಚಿನ ಜಾರು ಇನ್ನು ಕೂದಲೆಳೆಯಷ್ಟು ಉಳಿದಿದೆ. ದೊಡ್ಡಪ್ಪ ಹುಯ್ದಿಟ್ಟ ರಾಳ ಕಲ್ಲಿನ ಮೇಲೆ ಹದವಾಗಿಯೇ ಇದೆ. ಕೆಂಪು ಪುಡಿ ಬಟ್ಟಲಿನಲ್ಲಿದೆ. ನಾಳೆ ಹಿಡಿದರೆ ಮುಗಿಯುತ್ತದೆ.

“ಮೇಘ, ಓಗಿ ಅದ ತತ್ತವ್ವ,” ರಾಧಾಮಣಿ ಅಂದಳು. ಮೇಘನ ಪಕ್ಕದಲ್ಲಿ ಹಾದು ಹೋಗುವಾಗ ಅವಳ ಮಣಿಕಟ್ಟು ಹಿಡಿದು, ಯಾರಿಗೂ ಕೇಳದಂತೆ ಹೇಳಿದಳು: “ಸಾಕು ಬುಡು. ಇಲ್ಲಾಂದ್ರೆ ನೀನೂ ಅದ್ರ ಸುತ್ತ ಸುತ್ಕಂಡೇ ಮುದುಕಿ ಆಯ್ತೀಯ.”

*

ಕೆಲವು ವಾರಗಳ ಹಿಂದೆ ಒಂದು ಸಂಜೆ, ಕನ್ನಡಿಗೆ ಬೆಳ್ಳಿಯ ಲೇಪ ಆಗುವ ಮೊದಲೇ, ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಚಂದ್ರನಂಥ ಬೆಳಕಿಗೆ ಬರೀ ಗಾಜೂ ಸಾಕು ಎಂದು ಕನ್ನಡಿಯನ್ನು ಪ್ಲಾಸ್ಟಿಕ್ ಪೈಪಿಗೆ ಕೂರಿಸಿ ಬೀದಿಗೆ ತಂದು ನಿಲ್ಲಿಸಿದ. ಹೊತ್ತು ಮುಳುಗಿ ಪಡುವಣದಲ್ಲಿ ಎಳೆಯ ಚಂದ್ರ ಇದ್ದ. ಧರ್ಮೇಂದ್ರ ಬಂದರು, ಪತ್ರಿಕೆಯವನೊಬ್ಬನನ್ನೂ ಕರೆತಂದರು. ಬೀದಿಗೆ ಬೀದಿಯೇ ಸಾಲು ನಿಂತಿತು.

“ಟೀ ಮಾಡ್ಕಂಬಾ ಮಗ, ಎಲ್ಲಾರ್ಗೂ,” ಅಂದ ದೊಡ್ಡಪ್ಪ.

ಅವಳು ಟೀ ಕಾಯಿಸುತ್ತಿರುವಾಗ ಕಿಟಕಿಯಿಂದ ಮಾತು ಕೇಳುತ್ತಿತ್ತು. ಚಿಕ್ಕಸ್ವಾಮಿ ಪೈಪಿಗೆ ಕಣ್ಣು ಹಚ್ಚಿ, “ಥೂ, ಚಂದ್ರನ್ ಮುಖಕ್ಕೆ ಸಿಡುಬಾಗದಲ್ಲಲೇ!” ಅಂದ. ಜನ ಬಿದ್ದು ಬಿದ್ದು ನಕ್ಕರು. ಪತ್ರಿಕೆಯವನು ಏನೋ ಕೇಳಿದ. ದೊಡ್ಡಪ್ಪನ ದನಿ ಏರಿತು: “ಯಾರೂ ಇಲ್ಲ ಸ್ವಾಮಿ. ನಾನೊಬ್ನೇ. ಅಗ್ಲೂ ರಾತ್ರಿ ನಾನೊಬ್ನೇ.”

ಟೀ ಹಂಚಿದಳು. ಲೋಟ ತೊಳೆದಳು. ಕೈ ಒರೆಸಿಕೊಂಡು ಹೊರಗೆ ಬಂದಾಗ ಸಾಲು ಕರಗಿತ್ತು. ಪೈಪಿನ ಮುಂದೆ ಯಾರೂ ಇರಲಿಲ್ಲ. ಬಗ್ಗಿ ಕಣ್ಣು ಹಚ್ಚಿದಳು. ಬರೀ ಕಪ್ಪು. ಚಂದ್ರ ಹುಣಸೆಮರದ ಹಿಂದೆ ಇಳಿದಿದ್ದ.

“ನಾಳೆ ನೋಡೂವಂತೆ ಬುಡವ್ವ,” ದೊಡ್ಡಪ್ಪ ನಕ್ಕ. “ಚಂದ್ರ ಎಲ್ಲೋಯ್ತನೆ?”

ನಾಳೆ ಮೋಡ. ನಾಡಿದ್ದೂ ಮೋಡ. ಅಷ್ಟರಲ್ಲಿ ಚಂದ್ರನ ಅಂಚು ಮಸುಕಾಗಿ ಕಾಣುತ್ತದೆ ಎಂದು ಧರ್ಮೇಂದ್ರ ಹೇಳಿದ್ದರಿಂದ ದೊಡ್ಡಪ್ಪ ಕನ್ನಡಿಯನ್ನು ಪೈಪಿನಿಂದ ಬಿಚ್ಚಿ ಮತ್ತೆ ರಾಳದ ಮೇಲಿಟ್ಟ. ಪತ್ರಿಕೆಯಲ್ಲಿ ಫೋಟೋ ಬಂತು. ದೊಡ್ಡಪ್ಪ, ಪೈಪು, ಹಿಂದೆ ಬಾಗಿಲು. ಬಾಗಿಲಲ್ಲಿ ಟೀ ತಟ್ಟೆ ಹಿಡಿದ ಎರಡು ಕೈ ಮಾತ್ರ ಕಾಣುತ್ತಿದ್ದವು.

ಮೇಘನ ಡ್ರಮ್ಮಿನ ಹತ್ತಿರ ಹೋಗುವುದನ್ನು ಬಿಟ್ಟಳು. ಕೆಲವು ದಿನ ಕಾದು ದೊಡ್ಡಪ್ಪನೇ ಅಡುಗೆಮನೆಗೆ ಬಂದ.

“ಕ್ವಾಪ ಮಾಡ್ಕಂಡ್ಯಾ? ನಿನ್ ಎಸ್ರು ಏಳಿದ್ರೆ ನಿಂಗೇ ಕಷ್ಟ ಕಣವ್ವ. ನಾಳೆ ಗಂಡಿನ್ ಕಡೆಯೋರು ಏನಂತಾರೆ? ಎಣ್ಣುಡ್ಗಿ ಬಾಗ್ಲಾಕ್ಕಂಡು ಕತ್ಲೆ ಕ್ವಾಣೇಲಿ ಗಾಜು ನೋಡ್ತಾ ಕೂತಿದ್ಲಂತೆ ಅಂತಾರೆ.”

ಅವನು ಒಳ್ಳೆಯದಕ್ಕೇ ಹೇಳಿದ್ದಿರಬಹುದು. ಆದರೆ ‘ನಾನೊಬ್ನೇ’ ಎಂದಾಗ ಅವನ ದನಿಯಲ್ಲಿದ್ದದ್ದು ಅವಳ ಮದುವೆಯ ಚಿಂತೆಯಾಗಿರಲಿಲ್ಲ. ಅದನ್ನು ಅವಳು ಕಿಟಕಿಯಿಂದ ಕೇಳಿದ್ದಳು.

ಮರುದಿನ ಅವಳು ಮತ್ತೆ ಕತ್ತಲೆ ಕೋಣೆಗೆ ಹೋದಳು. ದೊಡ್ಡಪ್ಪನಿಗಾಗಿ ಅಲ್ಲ. ಅಂಚಿನ ಜಾರು ಅವಳನ್ನು ಮಲಗಲು ಬಿಡುತ್ತಿರಲಿಲ್ಲ.

*

ದೊಡ್ಡವ್ವ ಹೇಳಿದ ಗಾಜು ತರಲು ಕೋಣೆಗೆ ಬಂದಾಗ ಎರಡೂ ಗಾಜು ಬಟ್ಟೆ ಹೊದ್ದು ಪಕ್ಕಪಕ್ಕದಲ್ಲಿದ್ದವು. ಬಟ್ಟೆ ಸರಿಸಿದಳು. ಒಂದು ನೀರಿನಂತೆ ತಿಳಿ. ಇನ್ನೊಂದು ಮೆರುಗು ಕಾಣದ ಅಡಿಗಾಜು, ಮಂಜು ಕವಿದಂತೆ ಬೆಳ್ಳಗೆ.

ಮೇಘನ ಸ್ವಲ್ಪ ಹೊತ್ತು ಎರಡನ್ನೂ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿಯಿಂದ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಅಡಿಗಾಜಿಗೆ ತಿಕ್ಕಿದಳು. ಮಂಜು ಹೋಯಿತು. ಗಾಜು ತಿಳಿಯಾಗಿ ಮಿನುಗಿತು. ಕನ್ನಡಿಯನ್ನು ರಾಗಿ ಚೀಲದ ಹಿಂದೆ ಸರಿಸಿ, ಎಣ್ಣೆ ಹಚ್ಚಿದ್ದನ್ನು ಬಿಳಿ ಪಂಚೆಯಲ್ಲಿ ಸುತ್ತಿ ಹೊರಗೆ ತಂದಳು. ಜೀವಮಾನದಲ್ಲಿ ಮೊದಲ ಸಲ ಅವಳು ಊರಿಗೆ ಊರನ್ನೇ ಮೋಸ ಮಾಡುತ್ತಿದ್ದಳು, ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಹೇಮಂತ್ ಬಿಚ್ಚಿ ಎತ್ತಿ ಹಿಡಿದ. ಬಿಸಿಲಿಗೆ ಹೊಳೆಯಿತು. ಜನ ಉಸಿರೆಳೆದುಕೊಂಡರು. ಫೋನುಗಳು ಮೇಲೆದ್ದವು.

“ತಡಿ ಮಗ,” ನಿಂಗಮ್ಮ ಅಡ್ಡ ಬಂದಳು. “ಅಂಗೇ ಆಕ್ಬಾರ್ದು. ಒಂದೊಟ್ಟು ಆಲು ಮುಟ್ಟುಸ್ಬೇಕು.”

ಚೊಂಬಿನಿಂದ ಹಾಲು ಹುಯ್ದಳು. ಹಾಲು ಗಾಜಿನ ನಡುವೆ ಬಿತ್ತು. ಅಲ್ಲಿ ನಿಲ್ಲಲಿಲ್ಲ. ಎಣ್ಣೆಯ ಮೇಲೆ ಮಣಿಮಣಿಯಾಗಿ ಸುತ್ತಲೂ ಜಾರಿ, ಅಂಚಿನಿಂದ ಹೇಮಂತನ ಪ್ಯಾಂಟಿನ ಮೇಲೆ ಸುರಿಯಿತು.

“ಅಯ್ಯೋ, ಆಲು ನಿಲ್ತಾ ಇಲ್ವಲ್ಲಪ್ಪ!” ನಿಂಗಮ್ಮ ಬೆಚ್ಚಿದಳು. “ಒಲ್ಲೆ ಅಂತಾವ್ನಾ ನನ್ ತಮ್ಮ?”

ಧರ್ಮೇಂದ್ರ ಹತ್ತಿರ ಬಂದು ಗಾಜಿನ ಮೇಲೆ ಬೆರಳಾಡಿಸಿದರು.

“ಒಲ್ಲೆ ಅಂತಿಲ್ಲಮ್ಮ. ಇದು ಕನ್ನಡಿ ಅಲ್ಲ. ಆಚಾರ್ರು ನಂಗೆ ನೀರು ಹಾಕಿ ತೋರಿಸಿದ್ರು, ಕನ್ನಡೀಲಿ ಹನಿ ಹೋಗಿ ನಡುವೆ ನಿಲ್ಲುತ್ತೆ. ಇದು ಉಬ್ಬಿದೆ. ಅಡಿಗಾಜು.” ಮೇಘನಳ ಕಡೆ ತಿರುಗಿ ಮೆತ್ತಗೆ ಹೇಳಿದರು: “ತಪ್ಪು ತಂದ್ಬಿಟ್ಟಿದ್ದೀಯಮ್ಮ. ಪರವಾಗಿಲ್ಲ, ನಿಂಗೆ ಹೇಗೆ ಗೊತ್ತಾಗಬೇಕು. ನಡು ತಗ್ಗಿರೋದು ಬೇಕು, ನಡು ತಗ್ಗಿರೋದು.”

“ಪಾಪ, ಗಾಬ್ರಿ ಬಿದ್ದದೆ ಕೂಸು,” ಯಾರೋ ಅಂದರು. “ಓದು ಬರ ಕಾಣ್ದುದ್ದು.”

ಕಳ್ಳಿ ಎಂದಿದ್ದರೂ ಮೇಘನ ತಡೆದುಕೊಳ್ಳುತ್ತಿದ್ದಳು.

ಹೇಮಂತ್ ತಾನೇ ಒಳಗೆ ಹೋದ. ಅವನು ಡಬ್ಬ ಚೀಲ ಸರಿಸುವ ಸದ್ದು ಕೇಳುತ್ತಿತ್ತು. ರಾಧಾಮಣಿ ಮಾತ್ರ ಮೇಘನಳ ಎಣ್ಣೆಗೈಯನ್ನು ನೋಡಿದಳು. ನೋಡಿ, ಮುಖ ತಿರುಗಿಸಿ, ಸೆರಗಿನ ಗಂಟು ಬಿಚ್ಚಿದಳು. ಮುರಿದ ಮೂಗುಬೊಟ್ಟು ಅದರಲ್ಲಿತ್ತು. ಹೆಣದ ಬಾಯಿಗೆ ಹಾಕಲು ಚೂರು ಚಿನ್ನ ಹುಡುಕುತ್ತಿದ್ದವರ ಮುಂದೆ ಅದನ್ನು ಚಾಚಿದಳು.

“ಇದ್ನೇ ಆಕಿ. ಅವ್ರೇ ಮಡೀಕಳ್ಲಿ.”

ಹೇಮಂತ್ ಕನ್ನಡಿಯೊಂದಿಗೆ ಹೊರಗೆ ಬಂದ. ನಿಂಗಮ್ಮ ಹಾಲು ಹುಯ್ದಳು. ಹಾಲು ನಡುವೆ ಹೋಗಿ ದುಂಡಗೆ ನಿಂತಿತು, ತುಂಬಿದ ಚಂದ್ರನಂತೆ.

“ಈಗ ಒಪ್ಕಂಡ,” ಅಂದಳು ನಿಂಗಮ್ಮ.

*

ತಮಟೆ ಮುಂದೆ, ಹೆಣ ಹಿಂದೆ, ಪುರಿ ಮತ್ತು ಬಿಡಿಹೂವು ಎರಚಿಕೊಂಡು ನಾಲೆಯ ಕಡೆ ಹೊರಟರು. ಕುಂತಿಬೆಟ್ಟದ ಮೇಲೆ ಬಿಸಿಲು ನೆತ್ತಿಗೇರಿತ್ತು. ನಾಲೆಯ ಸೇತುವೆಯವರೆಗೆ ಹೆಂಗಸರು. ಅಲ್ಲಿಂದಾಚೆ ಗಂಡಸರು ಮಾತ್ರ. ಹೆಂಗಸರು ಸೇತುವೆಯ ಕಟ್ಟೆಗೆ ಕೈಕೊಟ್ಟು ಕೊನೆಯ ಸಲ ಅತ್ತು, ಮುಖ ತೊಳೆಯಲು ನೀರಿಗೆ ಇಳಿದರು.

ಮೇಘನ ನಿಲ್ಲಲಿಲ್ಲ.

“ಏಯ್ ಕೂಸು, ಎಲ್ಗವ್ವ?” ಬೀದಿಯ ಮಾದಮ್ಮ ಕೂಗಿದಳು. “ಎಣ್ಮಕ್ಳು ಅಲ್ಗೋಗಂಗಿಲ್ಲ ಕಣವ್ವ! ರಾಧಮ್ಮ, ನೋಡು ನಿನ್ನುಡ್ಗಿಯ!”

ರಾಧಾಮಣಿ ನೋಡಿದಳು. ಕರೆಯಲಿಲ್ಲ.

ಏರಿ ಇಳಿದು, ಕಬ್ಬಿನ ಗದ್ದೆಯ ಬದು ಹಾಯ್ದು ಮೇಘನ ಬಂದಾಗ ಹೆಣವನ್ನು ಗುಂಡಿಗೆ ಇಳಿಸಿಯಾಗಿತ್ತು. ಬಾಯಿಗೆ ಚಿನ್ನ ಹಾಕಿಯಾಗಿತ್ತು. ಹಾಲು ತೊಳೆದ ಕನ್ನಡಿ ಅವನ ಎದೆಯ ಮೇಲಿತ್ತು, ಎರಡು ಕೈ ಅದರ ಅಂಚಿನ ಮೇಲೆ. ಅವಳು ತೊಳೆದು ಬಿಳುಪು ಮಾಡಿದ ಉಗುರುಗಳು. ಧರ್ಮೇಂದ್ರ ಫೋನು ಹಿಡಿದು ಗುಂಡಿಯ ಅಂಚಿಗೆ ಬಗ್ಗಿದ್ದರು. ಗುದ್ದಲಿಗೆ ಗಲ್ಲ ಊರಿ ನಿಂತಿದ್ದ ಚಿಕ್ಕಸ್ವಾಮಿ ಮೊದಲು ಅವಳನ್ನು ಕಂಡ.

“ಯಾಕವ್ವ ಬಂದೆ ಇಲ್ಗಂಟ? ಓಗು, ಓಗು.”

ಅವಳು ಅವನ ಪಕ್ಕದಲ್ಲೇ ನಿಂತು ಕೆಳಗೆ ನೋಡಿದಳು. ಕನ್ನಡಿಯೊಳಗೆ ಚೂರು ಆಕಾಶ ಮಸುಕಾಗಿ ಕೂತಿತ್ತು. ಗುಂಡಿಯ ಸುತ್ತ ನಿಂತವರೆಲ್ಲ ಅದರಲ್ಲಿದ್ದರು. ಬೆರಳುದ್ದ ಆಗಿ, ತಲೆಕೆಳಗಾಗಿ, ಬಾವಲಿಗಳಂತೆ ಜೋತುಬಿದ್ದಿದ್ದರು. ಮೇಷ್ಟರು, ಅವರ ಫೋನು, ಹೇಮಂತ್, ಚಿಕ್ಕಸ್ವಾಮಿಯ ಗುದ್ದಲಿ. ಅವರ ನಡುವೆ ಅವಳೂ.

“ಮಗನೇ ಮೊದ್ಲು ಆಕ್ಬೇಕು,” ಯಾರೋ ಹೇಳಿದರು. “ಮೂರ್ ಇಡಿ ಆಕು ಮಗ. ಇಂದ್ಕೆ ತಿರುಗ್ನೋಡ್ದೆ ಬಂದ್ಬುಡು.”

ಹೇಮಂತ್ ಬಗ್ಗಿ ಮಣ್ಣು ತೆಗೆದುಕೊಂಡ. ಕೆಂಪು ಮಣ್ಣು, ಮರಳು ಬೆರೆತದ್ದು. ಮೊದಲ ಹಿಡಿ ಕಾಲಿನ ಮೇಲೆ ಬಿತ್ತು. ಎರಡನೆಯದು ಪಂಚೆಯ ಮೇಲೆ. ಅದರಿಂದ ಸಿಡಿದ ಒಂದು ಕಣ ಕನ್ನಡಿಯ ಅಂಚಿಗೆ ತಾಗಿ ಟಿಣ್ ಎಂದಿತು.

ಅಷ್ಟು ಸಣ್ಣ ಸದ್ದು. ಗಾಜಿಗೆ ಗೀರು ಬೀಳುವ ಸದ್ದು ಹೇಗಿರುತ್ತದೆಂದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಆ ಒಂದು ಕಣಕ್ಕೆ ಹೆದರಿ ಅವಳು ಚಳಿಯಲ್ಲಿ ತಲೆಗೆ ನೀರು ಹಾಕಿಕೊಂಡಿದ್ದಳು.

ಹೇಮಂತನ ಮೂರನೆಯ ಹಿಡಿ ಮೇಲೆದ್ದಿತು.

“ನಿಲ್ಲಣ್ಣ.”

ಅದು ತನ್ನ ದನಿಯೆಂದು ಅವಳಿಗೇ ತಿಳಿಯಲಿಲ್ಲ. ಒಡೆದು, ದಪ್ಪಗೆ, ಗಂಡುದನಿಯಂತೆ ಬಂತು. ತಮಟೆಯವನ ಕೈ ನಿಂತಿತು. ಧರ್ಮೇಂದ್ರ ಫೋನು ಕೆಳಗಿಳಿಸಿದರು. ಎಲ್ಲರೂ ಅವಳನ್ನು ನೋಡಿದರು, ಇಷ್ಟು ವರ್ಷದಲ್ಲಿ ಮೊದಲ ಸಲ. ಆಮೇಲೆ ಒಬ್ಬೊಬ್ಬರಾಗಿ ಕಣ್ಣು ತಿರುಗಿಸಿಕೊಂಡರು. ಧರ್ಮೇಂದ್ರ ಅವಳ ಕೈಯನ್ನು ನೋಡಿದರು, ಉಗುರಿನ ಕೆಂಪನ್ನು. ಆಮೇಲೆ ನೆಲ ನೋಡಿದರು. ಚಿಕ್ಕಸ್ವಾಮಿ ಗುದ್ದಲಿಯ ಕಾವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಹೇಮಂತನ ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು. ಕನ್ನಡಿಯೊಳಗೆ ಅವರೆಲ್ಲ ಇನ್ನೂ ತಲೆಕೆಳಗಾಗಿಯೇ ನಿಂತಿದ್ದರು.

“ನಾನಿನ್ನೂ ಅದ್ರಲ್ಲಿ ನೋಡಿಲ್ಲ,” ಅಂದಳು ಮೇಘನ. “ಅದ್ನ ಎತ್ಕೊಡಿ.”